ಅರ್ಧ ಪುಸ್ತಕಕ್ಕೇ ಕೊಲೆಗಾರನನ್ನು ಹಿಡಿಯುವುದು ಹೇಗೆ? ಫ್ಯಾಂಟಸಿ ಪತ್ತೇದಾರಿ ಓದುವವರಿಗೆ ಸಮಗ್ರ ಮಾರ್ಗದರ್ಶಿ

ಫ್ಯಾಂಟಸಿ ಕೊಲೆ ಕಾದಂಬರಿಯಲ್ಲಿ ಕೊಲೆಗಾರನನ್ನು ಮೊದಲೇ ಹಿಡಿಯಲು ಆಗುವುದೇ ಇಲ್ಲ ಅಂತ ಬಹಳ ಜನ ಹೇಳುತ್ತಾರೆ. ಅಲ್ಲಿ ಮಾಯೆ ಇದೆ, ಮಂತ್ರ ಇದೆ, ಲೇಖಕರು ಏನು ಬೇಕಾದರೂ ಮಾಡಬಹುದು, ನಾವು ಏನಂತ ಊಹೆ ಮಾಡೋಣ ಎನ್ನುವುದು ಅವರ ವಾದ. ನನಗೆ ಕಂಡಿದ್ದು ಪೂರ್ತಿ ಉಲ್ಟಾ. ಮಾಯೆ ಇರುವ ಕಥೆಯಲ್ಲೇ ಕೊಲೆಗಾರ ಬೇಗ ಸಿಗುತ್ತಾನೆ. ಮಾಮೂಲಿ ಪತ್ತೇದಾರಿ ಕಥೆಯಲ್ಲಿ ಚಾಕು ಯಾರ ಕೈಗೆ ಬೇಕಾದರೂ ಬರುತ್ತದೆ. ಮಾಯೆ ಹಾಗೆ ಬರುವುದಿಲ್ಲ. ಅದಕ್ಕೆ ನಿಯಮ ಇರುತ್ತದೆ, ಅದನ್ನು ಬಳಸಿದವರು ಏನಾದರೂ ತೆರಬೇಕಾಗುತ್ತದೆ, ಹಿಂದೆ ಒಂದು ಗುರುತೂ ಉಳಿಯುತ್ತದೆ. ಆ ನಿಯಮವನ್ನು ಲೇಖಕರು ನಮಗೆ ಮೊದಲೇ ಹೇಳಿರಬೇಕು. ಹೇಳದೆ ಕೊನೆಯಲ್ಲಿ ತೆಗೆದರೆ ಓದುಗರು ಪುಸ್ತಕ ಎಸೆಯುತ್ತಾರೆ, ಅದು ಅವರಿಗೂ ಗೊತ್ತು.

ಹಾಗಾಗಿ ನನ್ನ ಪದ್ಧತಿ ಪೂರ್ತಿ ಒಂದೇ ಮಾತಿನ ಮೇಲೆ ನಿಂತಿದೆ. ಯಾರ ಮುಖ ಅನುಮಾನ ಹುಟ್ಟಿಸುತ್ತಿದೆ ಅಂತ ನೋಡಬೇಡಿ. ಯಾವ ನಿಯಮವನ್ನು ಹೇಳಿ, ಇನ್ನೂ ಬಳಸದೆ ಬಿಟ್ಟಿದ್ದಾರೆ ಅಂತ ನೋಡಿ.

ನಮ್ಮ ಕೊಪ್ಪಳ, ಗಂಗಾವತಿ ಕಡೆ ಪತ್ತೇದಾರಿ ಓದುವುದು ಹೊಸದೇನಲ್ಲ. ಎನ್. ನರಸಿಂಹಯ್ಯನವರ ಕಾದಂಬರಿಗಳನ್ನು ಕೈಯಿಂದ ಕೈಗೆ ದಾಟಿಸಿ ಓದಿದ ಹಿರಿಯರು ಇನ್ನೂ ಇದ್ದಾರೆ. ಈಗಿನ ಹುಡುಗ ಹುಡುಗಿಯರು ಫೋನಿನಲ್ಲಿ ಇಂಗ್ಲಿಷ್ ಫ್ಯಾಂಟಸಿ ಓದುತ್ತಾರೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗೆ ಇರುವುದಿಲ್ಲ, ದಪ್ಪ ಪುಸ್ತಕ ಹಿಡಿಯಲು ಅದೇ ಸರಿಯಾದ ಹೊತ್ತು. ಈ ಬರಹ ಅವರಿಗಾಗಿ.

ಮೊದಲು: ಎಲ್ಲಿ ನಿಲ್ಲಿಸಬೇಕು?

ಅರ್ಧ ಅಂದರೆ ಪುಟದ ಲೆಕ್ಕದ ಅರ್ಧ ಅಲ್ಲ. ಫ್ಯಾಂಟಸಿ ಪುಸ್ತಕಗಳ ಕೊನೆಯಲ್ಲಿ ವಂಶಾವಳಿ, ಪದಗಳ ಅರ್ಥ, ಮುಂದಿನ ಪುಸ್ತಕದ ಮಾದರಿ ಅಧ್ಯಾಯ ಎಲ್ಲ ಇರುತ್ತವೆ. ಫೋನಿನಲ್ಲಿ 50 ಶೇಕಡಾ ಅಂತ ತೋರಿಸುವಾಗ ಕಥೆ ನಿಜವಾಗಿ ಅರ್ಧ ದಾಟಿಯೇ ಇರುತ್ತದೆ. ಮೊದಲೇ ಪರಿವಿಡಿ ತೆಗೆದು ಕಥೆ ಮುಗಿಯುವ ಪುಟ ನೋಡಿಕೊಳ್ಳಿ. ಅಧ್ಯಾಯಗಳ ಹೆಸರು ಓದಬೇಡಿ, ಕೆಲವು ಹೆಸರುಗಳು ಗುಟ್ಟನ್ನೇ ಬಿಟ್ಟುಕೊಡುತ್ತವೆ.

ಅದಕ್ಕಿಂತ ಒಳ್ಳೆಯ ಗುರುತು ಕಥೆಯೊಳಗೇ ಇದೆ. ಪತ್ತೇದಾರ ಎಲ್ಲರನ್ನೂ ಒಂದು ಸುತ್ತು ವಿಚಾರಿಸಿ ಆಗಿರಬೇಕು. ಎರಡನೇ ಹೆಣ ಬಿದ್ದಿರಬೇಕು, ಇಲ್ಲವೇ ಪತ್ತೇದಾರನ ಮೊದಲ ಲೆಕ್ಕ ಸುಳ್ಳಾಗಿರಬೇಕು. ಆದರೆ ಯಾರನ್ನೂ ಇನ್ನೂ ಹಿಡಿದು ಕಟ್ಟಿಹಾಕಿರಬಾರದು. ಅಲ್ಲಿ ನಿಲ್ಲಿಸಿ. ಮಧ್ಯದಲ್ಲಿ ಸೆರೆ ಸಿಗುವ ಮೊದಲ ವ್ಯಕ್ತಿ ಬಹಳ ಸಲ ನಿರಪರಾಧಿಯಾಗಿರುತ್ತಾನೆ. ಆ ಗದ್ದಲ ಶುರುವಾದರೆ ನಮ್ಮ ತಲೆಯೂ ಅದರ ಹಿಂದೆ ಓಡುತ್ತದೆ.

ಅಷ್ಟರೊಳಗೆ ಬೇಕಾದ್ದೆಲ್ಲ ಬಂದಿರುತ್ತದಾ? ಬಂದಿರುತ್ತದೆ. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲೆಂಡಿನ ಪಾದ್ರಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಬರೆದರು. ಮೊದಲನೆಯದೇ, ಅಪರಾಧಿಯ ಪ್ರಸ್ತಾಪ ಕಥೆಯ ಆರಂಭದ ಭಾಗದಲ್ಲೇ ಬಂದಿರಬೇಕು ಅಂತ. ಎರಡನೆಯದು, ಅತಿಮಾನುಷ ಶಕ್ತಿಗಳಿಗೆ ಜಾಗವಿಲ್ಲ ಅಂತ. ಫ್ಯಾಂಟಸಿ ಬರೆಯುವವರು ಎರಡನೆಯದನ್ನು ಮುರಿದರು. ಆದರೆ ಮೊದಲನೆಯದನ್ನು ಇವತ್ತಿಗೂ ಬಿಟ್ಟಿಲ್ಲ. ಅದನ್ನೂ ಬಿಟ್ಟರೆ ಆಟವೇ ಇರುವುದಿಲ್ಲ, ಅಲ್ವಾ?

ಇದೇ ಜಗಳ ವೈಜ್ಞಾನಿಕ ಕಥೆಗಳಲ್ಲೂ ನಡೆದಿತ್ತು. ಆ ಲೋಕದಲ್ಲಿ ಪತ್ತೇದಾರ ಯಾವುದೋ ಹೊಸ ಯಂತ್ರ ತೆಗೆದು ಗುಟ್ಟು ಬಿಡಿಸಿಬಿಡಬಹುದು, ಹಾಗಾಗಿ ಅಲ್ಲಿ ಪತ್ತೇದಾರಿ ಆಗದು ಎಂದು ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಹೇಳುತ್ತಿದ್ದರು. ಅದು ತಪ್ಪೆಂದು ತೋರಿಸಲು ಐಸಾಕ್ ಅಸಿಮೋವ್ ‘ದಿ ಕೇವ್ಸ್ ಆಫ್ ಸ್ಟೀಲ್’ ಬರೆದರು. 1954ರಲ್ಲಿ ಅದು ಪುಸ್ತಕವಾಯಿತು. ಅವರ ದಾರಿ ಸರಳ. ಆ ಲೋಕದಲ್ಲಿ ಏನು ಆಗುತ್ತದೆ, ಏನು ಆಗುವುದಿಲ್ಲ ಎಂಬುದನ್ನು ಓದುಗರ ಮುಂದೆ ಮೊದಲೇ ಇಟ್ಟರೆ ಮುಗಿಯಿತು. 1964ರಿಂದ ರ‍್ಯಾಂಡಲ್ ಗ್ಯಾರೆಟ್ ಬರೆದ ಲಾರ್ಡ್ ಡಾರ್ಸಿ ಕಥೆಗಳಲ್ಲಿ ಮಾಯೆಗೂ ವಿಜ್ಞಾನದ ಹಾಗೆಯೇ ನಿಯಮಗಳಿವೆ, ಪತ್ತೆ ನಡೆಯುವುದು ಆ ನಿಯಮಗಳ ಒಳಗೇ.

ಎರಡನೇ ಹೆಜ್ಜೆ: ಎರಡು ಪಟ್ಟಿ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಫೋನಿನಲ್ಲಿ ಬರೆದರೂ ನಡೆಯುತ್ತದೆ, ಆದರೆ ಎರಡು ಪಟ್ಟಿ ಅಕ್ಕಪಕ್ಕ ಕಾಣಬೇಕು ಅಂದರೆ ಕಾಗದವೇ ಸರಿ.

ಎಡ ಪುಟದಲ್ಲಿ ಜನ. ಹೆಸರಿರುವ ಪ್ರತಿಯೊಬ್ಬರನ್ನೂ ಬರೆಯಿರಿ. ಫ್ಯಾಂಟಸಿಯಲ್ಲಿ ಹೆಸರುಗಳು ನಾಲಿಗೆ ತಿರುಗದ ಹಾಗೆ ಇರುತ್ತವೆ. ಅವನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ, ಬಾಯಲ್ಲಿ ಒಮ್ಮೆ ಹೇಳಿ. ಕಣ್ಣಲ್ಲಿ ಮಾತ್ರ ಓದಿದ ಹೆಸರು ಹತ್ತು ಪುಟ ದಾಟಿದರೆ ಮರೆತುಹೋಗುತ್ತದೆ, ಹೇಳಿದ ಹೆಸರು ಉಳಿಯುತ್ತದೆ. ಪ್ರತಿ ಹೆಸರಿನ ಮುಂದೆ ಮೂರೇ ಸಂಗತಿ ಸಾಕು. ಅವರಿಗೆ ಯಾವ ಶಕ್ತಿ ಇದೆ? ಕೊಲೆಯ ಹೊತ್ತಿಗೆ ಎಲ್ಲಿದ್ದರು? ಇವೆರಡನ್ನೂ ನಮಗೆ ಹೇಳಿದವರು ಯಾರು?

ಈ ಮೂರನೆಯದು ಬಹಳ ಮುಖ್ಯ. ನಿರೂಪಕ ತನ್ನ ಕಣ್ಣಾರೆ ಕಂಡಿದ್ದಕ್ಕೆ ಒಂದು ಗೆರೆ ಎಳೆಯಿರಿ. ಬೇರೆಯವರು ಹೇಳಿದ್ದಕ್ಕೆ ಎಳೆಯಬೇಡಿ. “ಅವಳಿಗೆ ಯಾವ ಶಕ್ತಿಯೂ ಇಲ್ಲ” ಎಂದು ಯಾರಾದರೂ ಹೇಳಿದರೆ ಅದು ಗೆರೆ ಇಲ್ಲದ ಮಾತು. ಅರ್ಧಕ್ಕೆ ಬಂದಾಗ ಗೆರೆ ಇಲ್ಲದ ಮಾತುಗಳನ್ನೆಲ್ಲ ಬೆರಳಿಂದ ಮುಚ್ಚಿ ನೋಡಿ. ಕೆಲವರ ಹೆಸರಿನ ಮುಂದೆ ಏನೂ ಉಳಿಯುವುದಿಲ್ಲ.

ಬಲ ಪುಟದಲ್ಲಿ ನಿಯಮ. ಇದರ ಮೇಲೆ ಜಾಸ್ತಿ ಹೊತ್ತು ಕೊಡಿ. ಆ ಲೋಕದ ಮಾಯೆ ಏನು ಮಾಡಬಲ್ಲದು, ಏನು ಮಾಡಲಾರದು, ಯಾರಿಗೆ ಒಲಿಯುತ್ತದೆ, ಬಳಸಿದವರು ಏನು ಕಳೆದುಕೊಳ್ಳುತ್ತಾರೆ, ಎಲ್ಲಿ ಕೆಲಸ ಮಾಡುವುದಿಲ್ಲ. ಇಂಥದ್ದೆಲ್ಲ ಬರೆದು ಪಕ್ಕದಲ್ಲಿ ಪುಟದ ಸಂಖ್ಯೆ ಹಾಕಿ. ನಿಯಮಗಳು ಯಾವಾಗಲೂ ಗುರುಕುಲದ ಪಾಠದ ಹಾಗೆ ಬರುವುದಿಲ್ಲ. ಅಜ್ಜಿ ಮಗುವಿಗೆ ಹೇಳುವ ಕಥೆಯಲ್ಲಿ ಬರುತ್ತವೆ, ಕುಡುಕನ ಹಾಡಿನಲ್ಲಿ ಬರುತ್ತವೆ, ಸಂತೆಯಲ್ಲಿ ಇಬ್ಬರು ಬೈದಾಡುವಾಗ ಬರುತ್ತವೆ. ಪಾಠದ ಹಾಗೆ ಹೇಳಿದ ನಿಯಮವನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಕೊಲೆಗೆ ಬೇಕಾದ ನಿಯಮ ಇರುವುದು ಹಾಡಿನಲ್ಲಿ.

ಫ್ಯಾಂಟಸಿ ಲೇಖಕ ಬ್ರಾಂಡನ್ ಸ್ಯಾಂಡರ್ಸನ್ 2007ರಲ್ಲಿ ಈ ವಿಷಯಕ್ಕೆ ಒಂದು ಸೂತ್ರ ಬರೆದರು. ಓದುಗರಿಗೆ ಮಾಯೆ ಎಷ್ಟು ಚೆನ್ನಾಗಿ ಅರ್ಥವಾಗಿದೆಯೋ, ಅದರಿಂದ ಕಥೆಯ ತೊಡಕು ಬಿಡಿಸಲು ಲೇಖಕರಿಗೆ ಅಷ್ಟೇ ಹಕ್ಕು ಎನ್ನುವುದು ಅದರ ತಿರುಳು. ಬರೆಯುವವರಿಗೆ ಹೇಳಿದ ಮಾತು ಇದು. ಓದುವವರು ತಿರುಗಿಸಿ ಹಿಡಿಯಬೇಕು. ಯಾವ ಮಾಯೆಯನ್ನು ನಮಗೆ ಇಷ್ಟು ಬಿಡಿಸಿ ಹೇಳುತ್ತಿದ್ದಾರೋ, ಅದರಿಂದಲೇ ಏನೋ ಆಗಲಿಕ್ಕಿದೆ.

ಮೂರನೇ ಹೆಜ್ಜೆ: ಕಿಷ್ಕಿಂಧೆಯಲ್ಲಿ ಅಭ್ಯಾಸ

ಪುಸ್ತಕ ಹಿಡಿಯುವ ಮೊದಲು ಈ ಕಣ್ಣನ್ನು ಪಳಗಿಸಲು ನಮಗೆ ದೂರ ಹೋಗಬೇಕಾಗಿಲ್ಲ. ಗಂಗಾವತಿಯಿಂದ ಆನೆಗೊಂದಿ ದಾರಿ ಹಿಡಿದರೆ ಸಾಕು. ಅಂಜನಾದ್ರಿ, ಪಂಪಾ ಸರೋವರ, ವಾಲಿಯ ಹೆಸರು ಹೊತ್ತ ಗುಹೆ ಎಲ್ಲ ಅಲ್ಲೇ ಇವೆ. ವಾಲಿ ಸುಗ್ರೀವರ ಕಥೆಯನ್ನು ಒಮ್ಮೆ ಪತ್ತೇದಾರನ ಕಣ್ಣಲ್ಲಿ ಓದಿ.

ಮಾಯಾವಿ ಎಂಬ ಅಸುರನನ್ನು ಅಟ್ಟಿಕೊಂಡು ವಾಲಿ ಗುಹೆ ಹೊಕ್ಕ. ಸುಗ್ರೀವ ಬಾಗಿಲಲ್ಲಿ ಕಾದ. ವಾಲ್ಮೀಕಿಯ ಪ್ರಕಾರ ಒಂದು ವರ್ಷಕ್ಕೂ ಜಾಸ್ತಿ. ಆಮೇಲೆ ಒಳಗಿನಿಂದ ನೊರೆ ನೊರೆ ರಕ್ತ ಹರಿದು ಬಂತು, ಅಸುರರ ಗರ್ಜನೆ ಕೇಳಿತು. ಅಣ್ಣ ಸತ್ತ ಅಂತ ಸುಗ್ರೀವ ತಿಳಿದ, ಬಂಡೆ ಉರುಳಿಸಿ ಬಾಗಿಲು ಮುಚ್ಚಿ ಊರಿಗೆ ಬಂದ. ರಕ್ತ ನಿಜ, ಗರ್ಜನೆ ನಿಜ. ಆದರೆ ರಕ್ತ ಮಾಯಾವಿಯದು. ಸುಗ್ರೀವ ಕಂಡಿದ್ದರಲ್ಲಿ ಸುಳ್ಳಿಲ್ಲ, ಅವನು ಕಟ್ಟಿದ ಅರ್ಥ ತಪ್ಪು. ಅಷ್ಟರಿಂದ ರಾಜ್ಯ ಹೋಯಿತು, ಹೆಂಡತಿ ಹೋದಳು. ಫ್ಯಾಂಟಸಿ ಕೊಲೆಯಲ್ಲಿ ಹೆಣ ಕಂಡ ಕೂಡಲೇ ಕೇಳಬೇಕಾದ ಪ್ರಶ್ನೆ ಇದೇ. ಇದು ನಿಜವಾಗಿ ಯಾರ ರಕ್ತ? ಸತ್ತವರು ಅವರೇ ಎಂದು ಹೇಳಿದವರು ಯಾರು, ಯಾವುದನ್ನು ನೋಡಿ?

ಇನ್ನೂ ಇದೆ. ವಾಲಿ ಅಷ್ಟು ಬಲಶಾಲಿ, ಸುಗ್ರೀವನನ್ನು ಋಷ್ಯಮೂಕಕ್ಕೇ ಹೋಗಿ ಯಾಕೆ ಮುಗಿಸಲಿಲ್ಲ? ಮತಂಗ ಮುನಿಯ ಶಾಪವಿತ್ತು, ಅಲ್ಲಿ ಕಾಲಿಟ್ಟರೆ ವಾಲಿಗೆ ಸಾವು. ಇದು ಮಾಯೆ ಹಾಕಿದ ಗಡಿ. ನಿಮ್ಮ ಕಾದಂಬರಿಯಲ್ಲಿ ಯಾರು ಎಲ್ಲಿಗೆ ಹೋಗಲಾರರು ಎಂದು ಹೇಳಿದ್ದರೆ ಅದನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಆ ಗಡಿ ಒಬ್ಬರನ್ನು ಅನುಮಾನದಿಂದ ಬಿಡಿಸುತ್ತದೆ, ಇಲ್ಲವೇ ಒಬ್ಬರು ಅದರ ಹಿಂದೆ ಅಡಗಿರುತ್ತಾರೆ.

ಮೊದಲ ಕಾಳಗದಲ್ಲಿ ರಾಮ ಬಾಣ ಬಿಡಲಿಲ್ಲ. ಅಣ್ಣ ತಮ್ಮ ಇಬ್ಬರೂ ಒಂದೇ ಥರ ಕಂಡರು. ಎರಡನೇ ಸಲ ಸುಗ್ರೀವನ ಕೊರಳಿಗೆ ಗಜಪುಷ್ಪಿ ಬಳ್ಳಿಯ ಮಾಲೆ ಹಾಕಿದ ಮೇಲೆಯೇ ಬಾಣ ಹೊರಟಿತು. ವೇಷ ಬದಲಿಸುವ ಮಾಯೆ ಇರುವ ಪುಸ್ತಕದಲ್ಲಿ ಇಂಥ ಮಾಲೆ ಹುಡುಕಿ. ಇವರು ಇವರೇ ಎಂದು ತಿಳಿಯಲು ಉಳಿದವರು ಯಾವ ಗುರುತನ್ನು ನಂಬಿದ್ದಾರೆ? ಉಂಗುರವಾ, ಗಾಯದ ಕಲೆಯಾ, ದನಿಯಾ? ಕಳಚಿ ಬೇರೆಯವರಿಗೆ ಹಾಕಬಹುದಾದ ಗುರುತು ಗುರುತೇ ಅಲ್ಲ.

ಎದುರು ನಿಂತವರ ಅರ್ಧ ಬಲ ವಾಲಿಗೆ ಹೋಗುತ್ತದೆ ಎಂಬ ಮಾತು ವಾಲ್ಮೀಕಿಯಲ್ಲಿಲ್ಲ, ಜನ ಹೇಳುವ ಕಥೆಯಲ್ಲಿದೆ. ಆ ಒಂದು ನಿಯಮ ಗೊತ್ತಿದ್ದರೆ ಬಾಣ ಮರೆಯಿಂದಲೇ ಬರಬೇಕು ಅಂತ ಮೊದಲೇ ಹೇಳಬಹುದು. ಕೊಲೆ ಹೇಗೆ ನಡೆಯಿತು ಎಂಬುದನ್ನು ನಿಯಮವೇ ಹೇಳಿಬಿಡುತ್ತದೆ.

ಹಿರಣ್ಯಕಶಿಪುವಿನ ವರವೂ ಹಾಗೆಯೇ. ಒಳಗೂ ಅಲ್ಲ ಹೊರಗೂ ಅಲ್ಲ, ಹಗಲೂ ಅಲ್ಲ ರಾತ್ರಿಯೂ ಅಲ್ಲ, ಮನುಷ್ಯನೂ ಅಲ್ಲ ಮೃಗವೂ ಅಲ್ಲ. ಆಗದು ಎನ್ನುವುದನ್ನೆಲ್ಲ ಸಾಲಾಗಿ ಬರೆದು ನೋಡಿ, ಉಳಿದ ಸಂದಿಯಲ್ಲಿ ಹೊಸ್ತಿಲು ಕಾಣುತ್ತದೆ, ಮುಸ್ಸಂಜೆ ಕಾಣುತ್ತದೆ. “ಈ ಕೋಣೆಗೆ ಯಾರೂ ಬರಲಾರರು” ಎನ್ನುವ ಕಥೆಗಳನ್ನು ನಾನು ಬಿಡಿಸುವುದು ಹೀಗೆ. ಆಗದ ಕೆಲಸಗಳ ಪಟ್ಟಿ ಪೂರ್ತಿಯಾದಷ್ಟೂ ಆಗುವ ದಾರಿ ಕಿರಿದಾಗುತ್ತದೆ.

ಸತ್ಯ ಹೇಳಿಸುವ ಮಂತ್ರ ಇರುವ ಪುಸ್ತಕಗಳೂ ಇವೆ. ಅಲ್ಲಿ ಧರ್ಮರಾಯನನ್ನು ನೆನೆಯಿರಿ. ಅಶ್ವತ್ಥಾಮ ಸತ್ತ ಎಂದಿದ್ದು ಸುಳ್ಳಲ್ಲ, ಸತ್ತಿದ್ದು ಆನೆ. ಮಂತ್ರದ ಕಟ್ಟಿನಲ್ಲಿ ಒಬ್ಬರು ಆಡಿದ ಮಾತನ್ನು ಇದ್ದ ಹಾಗೆ, ಒಂದಕ್ಷರ ಬಿಡದೆ ಬರೆದುಕೊಳ್ಳಿ. “ನಾನು ಅವನ ಮೇಲೆ ಕೈ ಮಾಡಲಿಲ್ಲ” ಎಂದವರು ವಿಷ ಹಾಕಿರಬಹುದು.

ನಾಲ್ಕನೇ ಹೆಜ್ಜೆ: ನಿಲ್ಲಿಸಿ, ಕೇಳಿ

ಅರ್ಧಕ್ಕೆ ಬಂದು ಪುಸ್ತಕ ಮುಚ್ಚಿದಿರಿ. ಎರಡೂ ಪಟ್ಟಿ ಮುಂದಿವೆ. ಪ್ರಶ್ನೆಗಳು ಹೇಗಿರಬೇಕು ಎಂದು ತೋರಿಸಲು ನಾನೇ ಕಟ್ಟಿದ ಒಂದು ಸಣ್ಣ ಕಥೆ ಹೇಳುತ್ತೇನೆ. ನಿಜ ಪುಸ್ತಕದ ಗುಟ್ಟು ಬಿಟ್ಟುಕೊಟ್ಟು ನಿಮ್ಮ ಓದು ಕೆಡಿಸಲು ನನಗೆ ಇಷ್ಟವಿಲ್ಲ.

ಒಂದು ಕಲ್ಲಿನ ಕೋಟೆ. ಅಲ್ಲಿಯ ಬಾಗಿಲುಗಳಿಗೆ ದನಿಯೇ ಬೀಗ. ಯಾರ ದನಿ ಕೇಳಿ ಮುಚ್ಚಿತೋ ಅದೇ ದನಿಗೆ ಮಾತ್ರ ತೆಗೆಯುತ್ತದೆ. ಕೋಟೆಯ ಭಂಡಾರಿ ಬೆಳಿಗ್ಗೆ ಕೋಣೆಯಲ್ಲಿ ಸತ್ತು ಬಿದ್ದಿದ್ದಾನೆ. ಬಾಗಿಲು ಅವನದೇ ದನಿಯಿಂದ ಮುಚ್ಚಿದೆ, ಕೊಡಲಿಯಿಂದ ಒಡೆದು ಒಳಗೆ ಹೋಗಿದ್ದಾರೆ. ಹಿಂದಿನ ಸಂಜೆ ಅರಮನೆಯಲ್ಲಿ ಔತಣ. ಮೈ ಸರಿಯಿಲ್ಲವೆಂದು ಭಂಡಾರಿ ಬಂದಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ವೈದ್ಯ ಅವನಿಗೆ ಔಷಧಿ ಕೊಟ್ಟು ಔತಣಕ್ಕೆ ಹೋದ. ನಡುರಾತ್ರಿ ಇನ್ನೊಮ್ಮೆ ಔಷಧಿ ಕೊಡಲು ಮೇಲೆ ಹತ್ತಿ ಬಂದ. ಕೆಳಗೆ ಮೆಟ್ಟಿಲ ಹತ್ತಿರ ಇದ್ದ ಕಾವಲುಗಾರನಿಗೆ ಭಂಡಾರಿಯ ಮಾತು ಸ್ಪಷ್ಟವಾಗಿ ಕೇಳಿತು: “ಸರಿ, ಹೋಗಿ ಬನ್ನಿ. ಬಾಗಿಲು ಹಾಕುತ್ತೇನೆ.” ಬಾಗಿಲು ಮುಚ್ಚಿತು, ವೈದ್ಯ ಇಳಿದು ಬಂದ. ಅಲ್ಲಿಂದ ಬೆಳಗಿನವರೆಗೆ ಅವನು ಜ್ವರ ಬಂದ ರಾಜಕುಮಾರನ ಹಾಸಿಗೆಯ ಪಕ್ಕದಲ್ಲೇ ಇದ್ದ, ನಾಲ್ಕು ಜನ ಕಂಡಿದ್ದಾರೆ.

ಅನುಮಾನ ಇಬ್ಬರ ಮೇಲೆ. ಒಬ್ಬ ಭಂಡಾರಿಯ ಅಳಿಯ. ಔತಣದಲ್ಲಿ ದುಡ್ಡಿನ ವಿಷಯಕ್ಕೆ ಎಲ್ಲರೆದುರು ಕೂಗಾಡಿದ್ದ, ನಡುರಾತ್ರಿ ದಾಟಿದ ಮೇಲೆ ಮಾವನ ಬಾಗಿಲು ಬಡಿದು ವಾಪಸ್ ಬಂದಿದ್ದ. ಇನ್ನೊಬ್ಬಳು ಆಸ್ಥಾನದ ಗಾಯಕಿ. ಅವಳ ಹತ್ತಿರ ಬೇರೆಯವರ ದನಿಯನ್ನು ಹಿಡಿದಿಡುವ ಶಂಖ ಇದೆ. ಹಿಡಿದ ದನಿ ಸೂರ್ಯ ಹುಟ್ಟುವವರೆಗೆ ಇರುತ್ತದೆ ಅಂತ ಎಲ್ಲರಿಗೂ ಗೊತ್ತು.

ಇಷ್ಟರಲ್ಲಿ ಓದುಗರು ಗಾಯಕಿಯ ಮೇಲೆ ಬೀಳುತ್ತಾರೆ. ಶಂಖ ಅವಳದೇ ತಾನೇ? ಈಗ ಬಲ ಪುಟ ನೋಡಿ. ಪುಟ 31ರಲ್ಲಿ ಅಡುಗೆಮನೆಯ ಅಜ್ಜಿ ಮೊಮ್ಮಗಳಿಗೆ ಕಥೆ ಹೇಳುತ್ತಾಳೆ. ಹಳೇ ಕಾಲದ ಕಳ್ಳನೊಬ್ಬ ರಾಣಿಯ ದನಿಯನ್ನು ಶಂಖದಲ್ಲಿ ಹಿಡಿದ, ಅದನ್ನು ಬಿಡುವವರೆಗೆ ಅವನ ಬಾಯಿಂದ ಒಂದು ಮಾತೂ ಹೊರಡಲಿಲ್ಲ, ಹಾಗಾಗಿ ಸಂತೆಯಲ್ಲಿ ಸಿಕ್ಕಿಬಿದ್ದ. ಮೊಮ್ಮಗಳು ನಕ್ಕಳು, ಕಥೆ ಮುಂದೆ ಹೋಯಿತು. ಈ ನಿಯಮವನ್ನು ಆಮೇಲೆ ಯಾರೂ ಎತ್ತಿಲ್ಲ.

ಹೇಳಿ ಬಳಸದೆ ಬಿಟ್ಟ ನಿಯಮ ಅಂದರೆ ಇದು. ಇದನ್ನು ಔತಣದ ಮೇಲೆ ಇಟ್ಟು ನೋಡಿ. ಗಾಯಕಿ ಸಂಜೆಯಿಂದ ಹಾಡಿದ್ದಾಳೆ, ಅವಳ ದನಿ ಅವಳಲ್ಲೇ ಇತ್ತು. ಅಳಿಯ ಕೂಗಾಡಿದ್ದಾನೆ. ಕಾವಲುಗಾರ ಪ್ರತಿ ಜಾವಕ್ಕೂ ಹೊತ್ತು ಕೂಗಿದ್ದಾನೆ. ವೈದ್ಯ? ಪುಟ 58ರಲ್ಲಿ ರಾಜ ಅವನನ್ನೇ ಕರೆದು “ಭಂಡಾರಿ ಹೇಗಿದ್ದಾನೆ?” ಎಂದು ಕೇಳುತ್ತಾನೆ. ವೈದ್ಯ ತಲೆಬಾಗಿ, ಕೈ ಎದೆಯ ಮೇಲಿಟ್ಟು, ಮುಗುಳ್ನಗುತ್ತಾನೆ. ರಾಜನಿಗೆ ಅದು ವಿನಯ ಅನಿಸಿತು.

ಈ ಕಥೆಯನ್ನು ಚಿಕ್ಕಪ್ಪನ ಮಗನಿಗೆ ಹೇಳುತ್ತಿದ್ದಾಗ ಔತಣದ ಹತ್ತಿರ ಬಂದ ಕೂಡಲೇ ತಡೆದ. “ಅಕ್ಕಾ, ರಾಜಾನ ಕೇಳಿದ್ರೂ ಆ ವೈದ್ಯ ಯಾಕ ಬಾಯಿ ಬಿಡವಲ್ಲ?” ಇನ್ನೂ ಕಾಲೇಜಿಗೆ ಹೋಗುವ ಹುಡುಗ, ಪಟ್ಟಿ ಗಿಟ್ಟಿ ಏನೂ ಇರಲಿಲ್ಲ. ಸುಮ್ನೆ ಗಮನ ಕೊಟ್ಟು ಕೇಳಿದ್ದ, ಅಷ್ಟೇ.

ಹಾಗಾದರೆ ಸಾವಿನ ಹೊತ್ತೇ ಬದಲಾಗುತ್ತದೆ. ಭಂಡಾರಿ ಸತ್ತಿದ್ದು ದೀಪ ಹಚ್ಚುವ ಹೊತ್ತಿಗೆ. ನಡುರಾತ್ರಿ ಕೇಳಿದ್ದು ಶಂಖದಿಂದ ಬಿಟ್ಟ ದನಿ, ಬಾಗಿಲು ಮುಚ್ಚಿದ್ದು ಹೊರಗಿನಿಂದ. ವೈದ್ಯನನ್ನು ಕಾಪಾಡುತ್ತಿದ್ದ ರಾಜಕುಮಾರನ ಹಾಸಿಗೆಗೆ ಬೆಲೆಯೇ ಉಳಿಯಲಿಲ್ಲ, ಯಾಕೆಂದರೆ ಅದು ನಡುರಾತ್ರಿಯ ನಂತರದ ಸಾಕ್ಷಿ.

ನಾನು ಅರ್ಧಕ್ಕೆ ಕೇಳುವ ಪ್ರಶ್ನೆಗಳು ಈ ಕಥೆಯೊಳಗೇ ಇವೆ. ಯಾವ ನಿಯಮ ಹೇಳಿ ಬಿಟ್ಟಿದ್ದಾರೆ? ಅದನ್ನು ಬಳಸಿದವರು ತೆರಬೇಕಾದ್ದನ್ನು ಯಾರ ಮೈಯಲ್ಲಿ, ಯಾರ ನಡೆಯಲ್ಲಿ ಕಂಡೆವು? ಸಾವಿನ ಹೊತ್ತನ್ನು ನಾವು ನಂಬಿದ್ದು ಯಾವುದರ ಮೇಲೆ? ಎಲ್ಲರಿಗೂ ಗೊತ್ತಿರುವ ಶಕ್ತಿವಂತರನ್ನು ಆ ನಿಯಮವೇ ಬಿಡಿಸುತ್ತದೆಯಾ? ಈ ಕೊನೆಯದನ್ನು ಮರೆಯಬೇಡಿ. ಒಳ್ಳೆಯ ಫ್ಯಾಂಟಸಿ ಪತ್ತೇದಾರಿಯಲ್ಲಿ ಒಂದೇ ನಿಯಮ ಎರಡು ಕೆಲಸ ಮಾಡುತ್ತದೆ. ಎಲ್ಲರೂ ಅನುಮಾನಿಸುವವರನ್ನು ಬಿಡಿಸುತ್ತದೆ, ಯಾರೂ ಅನುಮಾನಿಸದವರನ್ನು ಹಿಡಿಯುತ್ತದೆ.

ತೆರಬೇಕಾದ ಬೆಲೆಯ ಬಗ್ಗೆ ಇನ್ನೊಂದು ಮಾತು. ಅದು ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಒಬ್ಬರು ಬೇಸಿಗೆಯಲ್ಲೂ ಕೈಗವಸು ತೆಗೆಯುವುದಿಲ್ಲ. ಒಬ್ಬರು ಎರಡು ದಿನದಿಂದ ಊಟ ಮುಟ್ಟಿಲ್ಲ. ಒಬ್ಬರು ನಿನ್ನೆ ಓದುತ್ತಿದ್ದ ಕಾಗದವನ್ನು ಇವತ್ತು ಬೇರೆಯವರಿಂದ ಓದಿಸುತ್ತಾರೆ. ಲೇಖಕರು ಪ್ರತಿ ಸಲ ಒಂದು ಸಲೀಸಾದ ಕಾರಣ ಕೊಡುತ್ತಾರೆ: ಚಳಿ, ದುಃಖ, ಕಣ್ಣು ನೋವು. ಕೇಳದೆ ಕೊಟ್ಟ ಕಾರಣದ ಕೆಳಗೆ ಗೆರೆ ಎಳೆಯಿರಿ.

ಕಾರಣ ಯಾಕೆ ಹಿಂದೆ?

ಕೊಲೆಯ ಕಾರಣವನ್ನು ಹುಡುಕಲು ನಾನು ಜಾಸ್ತಿ ಹೊತ್ತು ಕೊಡುವುದಿಲ್ಲ. ಫ್ಯಾಂಟಸಿಯಲ್ಲಿ ಕಾರಣ ಬಹಳ ಸಲ ದ್ವಿತೀಯಾರ್ಧದಲ್ಲೇ ಬರುತ್ತದೆ. ಮುನ್ನೂರು ವರ್ಷ ಬದುಕುವ ಜನ ಇರುವ ಲೋಕದಲ್ಲಿ ಹಗೆಯೂ ಮುನ್ನೂರು ವರ್ಷ ಹಳೆಯದಿರಬಹುದು. ಒಂದನ್ನು ಮಾತ್ರ ನೋಡಿ. ಸತ್ತವರ ಜೊತೆ ಇನ್ನೇನು ಸತ್ತಿತು? ಒಂದು ಶಾಪ ಮುರಿಯಿತಾ, ಒಂದು ಆಣೆ ಬಿದ್ದುಹೋಯಿತಾ, ಒಂದು ಬಾಗಿಲು ಶಾಶ್ವತವಾಗಿ ಮುಚ್ಚಿತಾ? ಮಾಯೆಯ ಲೋಕದಲ್ಲಿ ಒಬ್ಬರ ಸಾವಿನಿಂದ ಆಗುವ ಲಾಭ ಆಸ್ತಿಪತ್ರದಲ್ಲಿ ಕಾಣುವುದಿಲ್ಲ.

ಅಡ್ಡದಾರಿ ಬೇಡ

“ಯಾರ ಮೇಲೆ ಅನುಮಾನವೇ ಬರುವುದಿಲ್ಲವೋ ಅವರೇ ಕೊಲೆಗಾರ” ಎನ್ನುವವರು ಎಲ್ಲ ಕಡೆ ಇದ್ದಾರೆ. ಪತ್ತೇದಾರನ ಗೆಳೆಯನೇ ಮಾಡಿರುತ್ತಾನೆ, ನಿರೂಪಕನೇ ಮಾಡಿರುತ್ತಾನೆ, ಸುಮ್ಮನಿರುವ ಮುದುಕಿಯೇ ಮಾಡಿರುತ್ತಾಳೆ ಅಂತ ಹೇಳಿ ಒಂದೊಂದು ಸಲ ಗೆಲ್ಲುತ್ತಾರೆ. ನನಗೆ ಅದು ಗೆಲುವೇ ಅಲ್ಲ. ಅಲ್ಲಿ ಕಥೆಯನ್ನು ಓದಿಲ್ಲ, ಲೇಖಕರ ಅಭ್ಯಾಸವನ್ನು ಓದಿದ್ದಾರೆ. ಹೆಸರು ಸಿಗುತ್ತದೆ, ಹೇಗೆ ಅಂತ ಕೇಳಿದರೆ ಉತ್ತರ ಇರುವುದಿಲ್ಲ.

ಹಾಗಂತ ಲೇಖಕರ ಕೈ ಚಳಕವನ್ನು ಪೂರ್ತಿ ಬಿಡುವುದೂ ಬೇಡ. ಪುಸ್ತಕದ ಮೊದಲಲ್ಲಿರುವ ಮ್ಯಾಪ್ ನೋಡಿ. ಹೆಸರಿಟ್ಟಿರುವ ಒಂದು ಕೋಣೆಗೋ ಸುರಂಗಕ್ಕೋ ಅರ್ಧ ಪುಸ್ತಕವಾದರೂ ಯಾರೂ ಹೋಗಿಲ್ಲ ಅಂದರೆ ಅದನ್ನು ಬರೆದಿಟ್ಟುಕೊಳ್ಳಿ. ಪಾತ್ರಗಳ ಪಟ್ಟಿ ಇದ್ದರೆ, ಇನ್ನೂ ಕಥೆಗೆ ಕಾಲಿಡದವರು ಯಾರು ನೋಡಿ. ಕಥೆ “ನಾನು” ಎಂದು ಹೇಳುತ್ತಿದ್ದರೆ ಆ “ನಾನು” ಕೊಲೆಯ ಹೊತ್ತಿಗೆ ಏನು ಮಾಡುತ್ತಿದ್ದ ಅಂತ ಅವನ ಬಾಯಲ್ಲೇ ಬಂದಿದೆಯಾ ಅಂತ ಹುಡುಕಿ. ಒಂದು ಗಂಟೆ ಮಾಯವಾಗಿದ್ದರೆ ಎಡ ಪುಟದಲ್ಲಿ ಅವನ ಹೆಸರನ್ನೂ ಸೇರಿಸಿ. ಸರಣಿಯ ಎರಡನೆಯದೋ ಮೂರನೆಯದೋ ಪುಸ್ತಕವಾದರೆ ಹಿಂದಿನ ಪುಸ್ತಕಗಳ ನಿಯಮಗಳೂ ಲೆಕ್ಕಕ್ಕೆ ಬರುತ್ತವೆ. ಅವನ್ನು ನೆನಪಿಟ್ಟವರಿಗೆ ಅರ್ಧ ಕೆಲಸ ಮುಗಿದಿರುತ್ತದೆ.

ಮಾಯೆಯೇ ಇಲ್ಲದ ಕೊಲೆಯೂ ಇರುತ್ತದೆ, ಎಚ್ಚರ. ಎಲ್ಲರೂ ಮಂತ್ರ ಹುಡುಕುತ್ತಿರುವಾಗ ಕೊಲೆಗಾರ ಬರೀ ದಿಂಬು ಹಿಡಿದು ಉಸಿರುಗಟ್ಟಿಸಿರುತ್ತಾನೆ. ಇದನ್ನು ಗುರುತಿಸಲು ಒಂದೇ ದಾರಿ. ಎಲ್ಲ ನಿಯಮಗಳನ್ನೂ ಹಾಕಿ ನೋಡಿದ ಮೇಲೂ ಯಾವುದೂ ಕೂಡದಿದ್ದರೆ, ಮಾಯೆ ಬರದವರನ್ನು ಒಬ್ಬೊಬ್ಬರನ್ನಾಗಿ ಮತ್ತೆ ನೋಡಿ. ಇದು ಮಾಯೆಯ ಕೊಲೆ ಅಂತ ಮೊದಲು ಬಾಯಿಬಿಟ್ಟವರು ಯಾರು ಎಂಬುದನ್ನೂ ನೋಡಿ.

ಐದನೇ ಹೆಜ್ಜೆ: ಊಹೆಯನ್ನು ಬರೆದು ಮುಚ್ಚಿಡಿ

ಊಹೆ ಅಂದರೆ ಹೆಸರು ಮಾತ್ರ ಅಲ್ಲ. ಯಾರು, ಹೇಗೆ, ಯಾವ ನಿಯಮದಿಂದ, ಮತ್ತು ಅದಕ್ಕೆ ಆಧಾರವಾದ ಮೂರು ಪುಟಗಳು. ಮೂರು ಪುಟ ತೋರಿಸಲು ಆಗದಿದ್ದರೆ ಅದು ಅನಿಸಿಕೆ, ಇನ್ನೂ ಊಹೆಯಾಗಿಲ್ಲ. ನಮ್ಮ ಕಥೆಯಲ್ಲಿ 31 ಮತ್ತು 58ರ ಜೊತೆಗೆ ಕಾವಲುಗಾರನ ಹೇಳಿಕೆಯ ಪುಟ ಸೇರುತ್ತದೆ. ಅವನು ದನಿ ಕೇಳಿದ್ದ, ಮುಖ ನೋಡಿರಲಿಲ್ಲ.

ಆಮೇಲೆ ಹತ್ತು ಅಂಕ ಹಂಚಿ. ವೈದ್ಯನಿಗೆ 6, ಗಾಯಕಿಗೆ 1, ಅಳಿಯನಿಗೆ 1, ಕಾವಲುಗಾರನಿಗೆ 1. ಉಳಿದ 1 “ಇನ್ನೂ ನನ್ನ ಪಟ್ಟಿಯಲ್ಲಿ ಇಲ್ಲದವರಿಗೆ”. ಒಬ್ಬರಿಗೇ ಹತ್ತೂ ಕೊಟ್ಟರೆ ಮುಂದಿನ ಅರ್ಧವನ್ನು ಕಣ್ಣು ಮುಚ್ಚಿಕೊಂಡು ಓದುತ್ತೀರಿ.

ಈಗ ಊಹೆಯ ತೂತು ಯಾವುದು ಅಂತ ನೀವೇ ಬರೆಯಿರಿ. ವೈದ್ಯನಿಗೆ ಶಂಖ ಎಲ್ಲಿಂದ ಬಂತು? ಗೊತ್ತಿಲ್ಲ. ಭಂಡಾರಿಯ ಮೇಲೆ ಅವನಿಗೆ ಏನು ಹಗೆ? ಗೊತ್ತಿಲ್ಲ. ಹಾಗಾದರೆ ಹೀಗೆ ಬರೆಯಿರಿ: “ಮುಂದೆ ವೈದ್ಯನ ಕೈಗೆ ಶಂಖ ಸಿಕ್ಕ ದಾರಿ ಬರಬೇಕು. ಔತಣದಲ್ಲಿ ಅವನು ಯಾರ ಜೊತೆಗಾದರೂ ಮಾತಾಡಿದ್ದ ಅಂತ ಗೊತ್ತಾದರೆ ನನ್ನ ಊಹೆ ಬಿತ್ತು.” ಬೀಳುವ ದಾರಿಯನ್ನು ಮೊದಲೇ ಹೇಳದ ಊಹೆಯನ್ನು ನಾನು ನಂಬುವುದಿಲ್ಲ. ಅದು ಕೊನೆಯಲ್ಲಿ ಹೇಗೆ ಬೇಕಾದರೂ ತಿರುಗುತ್ತದೆ, “ನನಗೆ ಮೊದಲೇ ಅನಿಸಿತ್ತು” ಎನ್ನುವವರ ಹಾಗೆ.

ಬರೆದ ಕಾಗದದ ಫೋಟೋ ತೆಗೆದು ವಾಟ್ಸಾಪಿನಲ್ಲಿ ನಿಮಗೇ ಕಳಿಸಿಕೊಳ್ಳಿ, ದಿನ ಹೊತ್ತು ಅದರಲ್ಲೇ ಉಳಿಯುತ್ತದೆ. ಗೆಳೆಯರು ಸೇರಿ ಒಂದೇ ಪುಸ್ತಕ ಓದುವುದಾದರೆ ಇನ್ನೂ ಒಳ್ಳೆಯದು. ಎಲ್ಲರೂ ಒಂದೇ ಅಧ್ಯಾಯಕ್ಕೆ ನಿಲ್ಲಿಸಿ, ಸಂಜೆ ಒಗ್ಗರಣೆ ಮಿರ್ಚಿ ಮುಂದಿಟ್ಟುಕೊಂಡು ಕೂತು, ಒಬ್ಬರ ಊಹೆಯನ್ನು ಇನ್ನೊಬ್ಬರು ಕೆಡವಲು ನೋಡಬೇಕು. ಮುಂದೆ ಓದಿಕೊಂಡು ಬಂದವರು ಆವತ್ತು ಬಾಯಿ ತೆಗೆಯಬಾರದು. ಈ ಒಂದು ಕಟ್ಟಳೆಯಲ್ಲಿ ರಿಯಾಯಿತಿ ಬೇಡ.

ಆರನೇ ಹೆಜ್ಜೆ: ಮುಂದಿನ ಅರ್ಧ

ಪ್ರತಿ ಅಧ್ಯಾಯಕ್ಕೂ ಊಹೆ ಬದಲಿಸಬೇಡಿ. ಎರಡೇ ಸಂದರ್ಭದಲ್ಲಿ ಅಂಕ ತಿದ್ದಿ. ಹೊಸ ಹೆಣ ಬಿದ್ದಾಗ, ಅಥವಾ ಹಳೆಯ ನಿಯಮವೊಂದಕ್ಕೆ ಹೊಸ ಅರ್ಥ ಬಂದಾಗ. ಪತ್ತೇದಾರ ಯಾರನ್ನೋ ಹಿಡಿದ, ಯಾರೋ ಓಡಿಹೋದರು, ಯಾರೋ ತಪ್ಪೊಪ್ಪಿಕೊಂಡರು ಎನ್ನುವುದಕ್ಕೆಲ್ಲ ಅಂಕ ಕದಲಬಾರದು. ತಪ್ಪೊಪ್ಪಿಗೆಗೂ ಅದೇ ಪರೀಕ್ಷೆ ಹಾಕಿ: ಇವರು ಹೇಳುತ್ತಿರುವ ರೀತಿಯಲ್ಲಿ ಕೊಲೆ ಮಾಡಲು ನಿಯಮ ಬಿಡುತ್ತದಾ?

ಪೂರ್ತಿ ಹೊಸ ನಿಯಮ ಕೊನೆಯ ಕಾಲು ಭಾಗದಲ್ಲಿ ಬಂದು, ಕೊಲೆ ಅದರಿಂದಲೇ ಆಯಿತು ಅಂದರೆ? ಆಗ ಸೋತಿದ್ದು ನೀವಲ್ಲ. ಪುಸ್ತಕ ಬೇರೆ ಕಾರಣಕ್ಕೆ ಚೆನ್ನಾಗಿರಬಹುದು, ಆದರೆ ಪತ್ತೇದಾರಿಯಾಗಿ ಅದು ಮೋಸ. ನಾನಂತೂ ಅಂಥ ಲೇಖಕರ ಮುಂದಿನ ಪುಸ್ತಕಕ್ಕೆ ನೋಟ್‌ಬುಕ್ ತೆಗೆಯುವುದಿಲ್ಲ, ಸುಮ್ನೆ ಕಥೆಗಾಗಿ ಓದುತ್ತೇನೆ.

ಪುಸ್ತಕ ಮುಗಿದ ಮೇಲೆ ಹೆಸರು ಸರಿ ಬಂತಾ ಅಂತ ಮಾತ್ರ ನೋಡಿ ಮುಚ್ಚಬೇಡಿ. ನಿಮ್ಮ ಮೂರು ಪುಟಗಳ ಪಕ್ಕದಲ್ಲಿ ಲೇಖಕರು ನಿಜವಾಗಿ ಬಳಸಿದ ಪುಟಗಳನ್ನು ಬರೆಯಿರಿ. ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಪುಟ ಖಂಡಿತ ಇರುತ್ತದೆ. ಅಲ್ಲಿಗೆ ವಾಪಸ್ ಹೋಗಿ, ಆ ಸುಳಿವಿನ ಹಿಂದಿನ ಸಾಲು ಮುಂದಿನ ಸಾಲು ಓದಿ. ಅದರ ಪಕ್ಕದಲ್ಲಿ ಒಂದು ಜಗಳವನ್ನೋ, ತಮಾಷೆಯನ್ನೋ, ಚೆಂದದ ಊಟವನ್ನೋ ಇಟ್ಟು ಲೇಖಕರು ನಿಮ್ಮ ಕಣ್ಣನ್ನು ಆಚೆ ತಿರುಗಿಸಿರುತ್ತಾರೆ. ಯಾವುದರಿಂದ ತಿರುಗಿಸಿದರು ಎಂಬುದನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ. ಮುಂದಿನ ಪುಸ್ತಕ ಶುರು ಮಾಡುವಾಗ ಮೊದಲು ತೆಗೆದು ನೋಡಬೇಕಾದದ್ದು ಆ ಪುಟವನ್ನೇ.